ಹನ್ನೊಂದನೇ ತಿರುವಿನ ಸೋಡಿಯಂ

"ಬೋರಾನ್ ಆದ್ಮೇಲೆ ಯಾವ್ದು?"

ಜೀಪಿನಲ್ಲಿ ಬೇರೆ ಯಾರೂ ಇಲ್ಲ. ಕಳಸದ ಪೇಟೆ ಇನ್ನೂ ಬಾಗಿಲು ತೆರೆದಿಲ್ಲ. ಮುಂದಿನ ಗಾಜಿಗೆ ಕೂತ ಮಂಜನ್ನು ಹಳೇ ಬನಿಯನ್ನಿನಿಂದ ಒರೆಸುತ್ತಾ ಇಲಿಯಾಸ್ ಪ್ರಶ್ನೆಯನ್ನು ಗಾಳಿಗೆ ಬಿಡುತ್ತಾರೆ. ಗಾಜು ತಿಳಿಯಾದ ಮೇಲೆ "ಕಾರ್ಬನ್" ಎಂದು ತಾವೇ ಉತ್ತರ ಕೊಟ್ಟುಕೊಂಡು, ಬಿಸ್ಮಿಲ್ಲಾ ಎಂದು ಗೇರು ಹಾಕುತ್ತಾರೆ.

ಬಸ್ಸು ಹೋಗದ ಗುಡ್ಡದೂರೊಂದರಿಂದ ಕಳಸದ ಹೈಸ್ಕೂಲಿಗೆ ಮಕ್ಕಳನ್ನು ಕರೆತರುವುದು ಅವರ ಕೆಲಸ. ಬೆಳಿಗ್ಗೆ ಖಾಲಿ ಜೀಪು ಹತ್ತುತ್ತದೆ, ತುಂಬಿಕೊಂಡು ಇಳಿಯುತ್ತದೆ. ಆ ದಾರಿಗೆ ಇಪ್ಪತ್ತು ತಿರುವು; ಪರಮಾಣು ಸಂಖ್ಯೆಯ ಸಾಲಿನಲ್ಲೇ ತಿರುವಿಗೊಂದು ಧಾತುವಿನ ಹೆಸರು. ಗುಡ್ಡದ ನೆತ್ತಿಯಲ್ಲಿ ಹೈಡ್ರೋಜನ್, ಪೇಟೆ ಮುಟ್ಟುವಾಗ ಕ್ಯಾಲ್ಸಿಯಂ. ಆರನೆಯದರಲ್ಲಿ ಸಿಡಿಲು ಬಡಿದು ಕರಕಲಾದ ಮರ ನಿಂತಿರುವುದರಿಂದ ಕಾರ್ಬನ್ನನ್ನು ಯಾರೂ ಮರೆಯುವುದಿಲ್ಲ. ಹದಿನೈದರಲ್ಲಿ ಎಸ್ಟೇಟಿನ ಗೊಬ್ಬರದ ಗೋಡೌನು, ಪುಣ್ಯಕ್ಕೆ ಅದೇ ಫಾಸ್ಫರಸ್.

"ಇದನ್ನ ಕಂಡುಹಿಡಿದಿದ್ದು ನಾನಲ್ಲ, ನನ್ನ ಮಗಳು ಇಲ್ಮಾ," ಎನ್ನುತ್ತಾರೆ ಇಲಿಯಾಸ್. "ಆಗ ನಮ್ಮನೆ ಗುಡ್ಡದ ಮೇಲೇ ಇತ್ತು. ಜೀಪು ತಿರುಗಿದ್ರೆ ಸಾಕು, ಅವ್ಳಿಗೆ ವಾಂತಿ. ನಿಂಬೆಹಣ್ಣು ಮೂಸಿದ್ರೂ ನಿಲ್ತಿರ್ಲಿಲ್ಲ. ಒಂದಿನ ತಿರುವಿಗೊಂದು ಹೆಸ್ರು ಹೇಳ್ಕೊಂಡು ಬಂದ್ಳು ನೋಡಿ, ಕಳಸ ಬಂತು, ವಾಂತಿ ಬರ್ಲಿಲ್ಲ!" ಇಲ್ಮಾ ಈಗ ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಅವಳು ಬಿಟ್ಟುಹೋದ ಹೆಸರುಗಳು ದಾರಿಯಲ್ಲೇ ಉಳಿದಿವೆ.

ತಿರುವು ಬಂದಾಗ ಜೀಪು ನಿಧಾನವಾಗುತ್ತದೆ, ಕಾವ್ಯ ಓದುವವರು ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವ ಹಾಗೆ. ಆ ಬಿಡುವಿನಲ್ಲಿ ಮಕ್ಕಳೆಲ್ಲ ಒಟ್ಟಿಗೆ ಹೆಸರು ಕೂಗುತ್ತಾರೆ. ಸಂತೆಗೆ ಹೋಗಿಬರುವ ಮುದುಕ ಚೌಡಯ್ಯನವರಿಗೂ ಇದು ಅಂಟಿಕೊಂಡಿದೆ. "ಮಾರಾಯ, ಮಾತಾಡ್ತಾ ನನ್ನನ್ನ ಮುಂದೆ ಒಯ್ಬೇಡ, ನಿಯಾನಲ್ಲಿ ಇಳಿಸು," ಎನ್ನುತ್ತಾರೆ. "ನಿಯಾನ್ ಅಂದ್ರೆ ಏನು ಚೌಡಯ್ಯ?" ಎಂದು ಯಾರಾದರೂ ಕೆಣಕಿದರೆ, "ನಮ್ಮನೆ ಗೇಟು!"

"ಈ ರಸ್ತೆ ಮಾಡ್ದೋರಿಗೆ ದೇವ್ರು ಒಳ್ಳೇದು ಮಾಡ್ಲಿ," ಎಂದು ಇಲಿಯಾಸ್ ನಗುತ್ತಾರೆ. "ಇನ್ನೊಂದು ಹತ್ತು ತಿರುವು ಹಾಕಿದ್ರೆ ಸತುವಿನವರೆಗೂ ಮುಟ್ತಿದ್ವಿ."

ಆದರೆ ಈ ವರ್ಷ ಅದೇ ರಸ್ತೆ ಒಬ್ಬಳಿಗೆ ಕೈಕೊಟ್ಟಿದೆ. ಹನ್ನೊಂದನೇ ತಿರುವಿನ ಎಸ್ಟೇಟ್ ಕೂಲಿಯವರ ಲೈನಿನಲ್ಲಿ ರೂಪಶ್ರೀಯ ಮನೆ. ಹೈಸ್ಕೂಲಿನ ಮೂರೂ ವರ್ಷ ಅವಳು ಜೀಪು ಹತ್ತಿದ್ದು ಅಲ್ಲೇ, ಜೊತೆಗೆ ಹೇಳಿದ ಮೊದಲ ಹೆಸರು ಸೋಡಿಯಂ. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಪರಮಾಣು ಸಂಖ್ಯೆ ಕೇಳಿದರು. ಅವಳು ಕಣ್ಣುಮುಚ್ಚಿ ತನ್ನ ಮನೆಯಿಂದ ಎಣಿಸಿದಳು: ಸೋಡಿಯಂ ಒಂದು, ಮೆಗ್ನೀಷಿಯಂ ಎರಡು. ವಿಜ್ಞಾನದಲ್ಲಿ ಪಾಸಾಗಲು ಎರಡು ಅಂಕ ಸಾಲಲಿಲ್ಲ.

"ಅವಳು ಬರೆದಿದ್ದರಲ್ಲಿ ಸಾಲು ಎಲ್ಲೂ ತಪ್ಪಿರಲಿಲ್ಲ, ಹೊರಟ ಜಾಗ ಮಾತ್ರ ತಪ್ಪು," ಎನ್ನುತ್ತಾರೆ ವಿಜ್ಞಾನದ ಮೇಷ್ಟ್ರು ಚಂದ್ರಶೇಖರಪ್ಪ. ಸುದ್ದಿ ಕೇಳಿದ ದಿನ ಇಲಿಯಾಸ್ ಮಧ್ಯಾಹ್ನದ ಊಟ ಮಾಡಲಿಲ್ಲವಂತೆ. "ಮಗು ಅರ್ಧ ದಾರೀಲಿ ಹತ್ತುತ್ತೆ ಅಂತ ನಂಗೆ ಗೊತ್ತಿತ್ತಲ್ಲ ಸ್ವಾಮಿ," ಎಂದಷ್ಟೇ ಹೇಳುತ್ತಾರೆ.

ಫೇಲಾದವರಿಗೆ ಇಡುವ ಎರಡನೇ ಪರೀಕ್ಷೆಗೆ ಇನ್ನು ಒಂದು ವಾರವೂ ಇಲ್ಲ. ಅದರಲ್ಲೂ ಆಗದಿದ್ದರೆ ಮೇಸ್ತ್ರಿಗೆ ಹೆಸರು ಕೊಟ್ಟು ತೋಟದ ಕೆಲಸಕ್ಕೆ ಸೇರಿಸುವುದೆಂದು ಮನೆಯಲ್ಲಿ ಮಾತಾಗಿದೆ. ರೂಪಶ್ರೀಗೆ ಕಾಲೇಜಿಗೆ ಹೋಗುವ ಆಸೆ. ಅದಕ್ಕೇ ಇಲಿಯಾಸ್ ಈಗ ಖಾಲಿ ಜೀಪಿನಲ್ಲಿ ಹತ್ತುವಾಗಲೇ ಅವಳ ಮನೆ ಮುಂದೆ ನಿಲ್ಲುತ್ತಾರೆ. ಅವಳನ್ನು ನೆತ್ತಿಯವರೆಗೆ ಕರೆದೊಯ್ದು, ಹೈಡ್ರೋಜನ್ನಿನಿಂದ ಇಳಿಸಿಕೊಂಡು ಬರುತ್ತಾರೆ. ಇದಕ್ಕಾಗಿ ಆ ಹುಡುಗಿ ಒಂದು ಗಂಟೆ ಮೊದಲೇ ಏಳಬೇಕು.

"ನಾವು ಹೇಳ್ಕೊಡುವಷ್ಟು ಓದಿಲ್ಲ," ಎನ್ನುತ್ತಾರೆ ತಾಯಿ ಕೃಷ್ಣಮ್ಮ. "ದೀಪ ಹಚ್ಚುವಾಗ ಅವ್ರ ಹೆಸ್ರೂ ನೆನೆಸ್ತೀನಿ. ಇನ್ನೇನು ಕೊಡೋಕಾಗುತ್ತೆ ನಮ್ಮಿಂದ?"

ಇವತ್ತು ಹದಿಮೂರನೇ ತಿರುವು ದಾಟುವಾಗ ಮಳೆ ಹಿಡಿಯುತ್ತದೆ. ಹನ್ನೊಂದರಲ್ಲಿ ಇಲಿಯಾಸ್ ಹಾರ್ನ್ ಹಾಕುತ್ತಾರೆ. ರೂಪಶ್ರೀ ಜಗಲಿಗೆ ಬರುತ್ತಾಳೆ, ಹೆಗಲ ಮೇಲೆ ಕಂಬಳಿ, ಕಣ್ಣಲ್ಲಿ ನಿದ್ದೆ.

"ಇಲಿಯಾಸಣ್ಣ, ಇವತ್ತೊಂದಿನ ಇಳಿಯುವಾಗ ಹತ್ತುತ್ತೀನಿ. ನಂಗೆ ಎಲ್ಲಾ ಬಂತು."

"ಆರು ಯಾವ್ದು?"

"ಕಾರ್ಬನ್."

"ಒಂಬತ್ತು?"

ಅವಳು ಬೆರಳು ಮಡಚತೊಡಗುತ್ತಾಳೆ. ಒಳಗಿನಿಂದ ತಂದೆ ಗಿಡ್ಡಪ್ಪನ ದನಿ: "ನೆಂದ್ರೆ ಜ್ವರ ಬಂದೀತು. ಇವತ್ತೊಂದಿನ ಬಿಟ್ಟುಬಿಡು ಮಾರಾಯ."

ಇಲಿಯಾಸ್ ಕೈ ಚಾಚಿ ಆಚೆ ಬದಿಯ ಬಾಗಿಲು ತೆರೆಯುತ್ತಾರೆ. ಸೀಟಿನ ಮೇಲೆ ಬಿದ್ದ ಹನಿಗಳನ್ನು ತೋಳಿನಿಂದ ಒರೆಸುತ್ತಾರೆ.

"ಬಿಡಲ್ಲ ಗಿಡ್ಡಪ್ಪ. ಹತ್ತು ಮಗಾ."