ನೋವು ಮೊದಲೋ, ರಕ್ತ ಮೊದಲೋ?

‘ರಕ್ತಭೇದಿ’ ಎಂಬ ಒಂದು ಚೀಟಿಯ ಫಲವನ್ನು ಉಂಡವರು ದಂಡು ಪ್ರದೇಶದ ಗಲ್ಲಿಗಳ ಬಡವರು. ಚೀಟಿ ಬರೆದವರಲ್ಲ, ನಿಯಮ ಮಾಡಿದವರಲ್ಲ, ಅದನ್ನು ಇದೇ ಅಂಕಣದಲ್ಲಿ ಹೊಗಳಿದ ನಾನೂ ಅಲ್ಲ.

ಹೌದು, ಹೊಗಳಿದ್ದೆ. ಕಳೆದ ಬೇಸಿಗೆಯಲ್ಲಿ ಆರೋಗ್ಯ ಸಮಿತಿಯವರಾದ ನಾವು ಹಲಸೂರಿನಿಂದ ಮಾರ್ಕೆಟ್ಟಿನ ಹಿಂದಿನ ಗಲ್ಲಿಗಳವರೆಗೆ ಮನೆಮನೆಗೆ ಹೋಗಿ ಒಂದೇ ಪಾಠ ಹೇಳಿದೆವು: ಮಲದಲ್ಲಿ ರಕ್ತ ಕಂಡರೆ ಮುಚ್ಚಿಡಬೇಡಿ, ಆಸ್ಪತ್ರೆಯ ಗೇಟಿನಲ್ಲಿ ಮೊದಲು ಅದನ್ನೇ ಹೇಳಿ. ಹೇಳಿದೊಡನೆ ಕಾಂಪೌಂಡರ್ ‘ರಕ್ತಭೇದಿ’ ಎಂದು ಚೀಟಿ ಬರೆಯುತ್ತಾನೆ. ರೋಗಿ ನೇರವಾಗಿ ಹಿತ್ತಲಿನ ಅಂಟುರೋಗದ ಷೆಡ್ಡಿಗೆ. ಸೋಂಕು ಹರಡುವುದು ತಪ್ಪಿತಲ್ಲ, ಇನ್ನೇನು ಬೇಕು? (ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡೆವು.)

ಎರಡು ತಿಂಗಳ ಹಿಂದೆ ಟೈಲರ್ ಗೌಸ್ ಸಾಹೇಬರನ್ನು ಜಟಕಾದಲ್ಲಿ ಆಸ್ಪತ್ರೆಗೆ ಕರೆದೊಯ್ದವನು ನಾನು. ಯುದ್ಧದ ವರ್ಷಗಳುದ್ದಕ್ಕೂ ಸಿಪಾಯಿಗಳ ಸಮವಸ್ತ್ರ ಹೊಲಿದು ಬೆನ್ನು ಬಾಗಿದ, ಅರವತ್ತು ದಾಟಿದ ನೆರೆಯವರು. ಗೇಟಿನಲ್ಲಿ ನಮ್ಮ ಪಾಠವನ್ನು ನಾನೇ ಒಪ್ಪಿಸಿದೆ: ಮಲದಲ್ಲಿ ರಕ್ತ. ಚೀಟಿ ಬಂತು. ಷೆಡ್ಡಿನ ಡಾಕ್ಟರು ಬಾಗಿಲಲ್ಲೇ ನಿಂತು ಭೇದಿಗೆ ಕೊಡುವ ಸಲ್ಫಾ ಮಾತ್ರೆ ಬರೆದು ಹೊರಟುಹೋದರು.

ಆಮೇಲೆ ಬಂದವರು ಷೆಡ್ಡಿನ ನರ್ಸ್, ಸಿಸ್ಟರ್ ಆರೋಕ್ಯಮ್ಮ. ಸಾಹೇಬರ ಹೊಟ್ಟೆಯ ಮೇಲೆ ಕೈಯಿಟ್ಟರು. ನಾಡಿಯನ್ನು ಬಹಳ ಹೊತ್ತು ಹಿಡಿದರು. ಬಳಿಕ ಜೊತೆಗೆ ಬಂದಿದ್ದ ಸಾಹೇಬರ ಪತ್ನಿ ಫಾತಿಮಾಬಿಯವರತ್ತ ತಿರುಗಿ ಕೇಳಿದರು: “ಅಮ್ಮಾ, ಮೊದ್ಲು ಬಂದಿದ್ದು ನೋವಾ, ರಕ್ತಾನಾ?”

“ನೋವು. ಚಾ ಕುಡ್ದು ಮಿಷಿನ್ ಮುಂದೆ ಕೂತಿದ್ರು, ಚೆನ್ನಾಗೇ ಇದ್ರು. ಒಂದೇ ಸಲ ಹೊಟ್ಟೆ ಹಿಡ್ಕೊಂಡು ಬಗ್ಗಿದ್ರು. ರಕ್ತ ಆಮೇಲೆ.”

ಈ ಪ್ರಶ್ನೆಯನ್ನು ಕಾಂಪೌಂಡರ್ ಕೇಳಲಿಲ್ಲ. ಡಾಕ್ಟರು ಕೇಳಲಿಲ್ಲ. ಪ್ರಶ್ನೆ ಕೇಳುವುದನ್ನೇ ಉದ್ಯೋಗ ಮಾಡಿಕೊಂಡ ಶಾಲಾ ಮೇಷ್ಟ್ರಾದ ನಾನೂ ಕೇಳಲಿಲ್ಲ.

ನಾಡಿ ತಪ್ಪಿ ತಪ್ಪಿ ಬಡಿಯುತ್ತಿದೆ, ಇದು ಭೇದಿಯಲ್ಲ, ಹೃದಯದಿಂದ ಹೆಪ್ಪುಗಟ್ಟಿದ ರಕ್ತ ಹೋಗಿ ಸಿಕ್ಕಿಕೊಂಡು ದೊಡ್ಡ ಕರುಳಿಗೆ ರಕ್ತ ಹರಿಯುವುದು ನಿಂತಿರಬಹುದು ಎಂದು ಆಕೆ ವಿವರಿಸಿದರು. “ಸರ್ಜನ್ ನೋಡ್ಬೇಕು ಮೇಷ್ಟ್ರೇ. ಈಗ್ಲೇ.”

ಆದರೆ ಷೆಡ್ಡಿನ ಡಾಕ್ಟರ ಲಿಖಿತ ಒಪ್ಪಿಗೆಯಿಲ್ಲದೆ ಅಲ್ಲಿನ ರೋಗಿಯನ್ನು ಕದಲಿಸುವಂತಿಲ್ಲ. ನರ್ಸ್ ನೇರವಾಗಿ ಸರ್ಜನ್ ಬಳಿ ಹೋಗಿ ಮಾತಾಡುವುದಂತೂ ಅಪರಾಧ. ಡಾಕ್ಟರು ಎಲ್ಲಿದ್ದರೋ ಯಾರಿಗೂ ತಿಳಿಯದು. ಆರೋಕ್ಯಮ್ಮ ಅಂಗಳ ದಾಟಿ ನಡೆದೇಬಿಟ್ಟರು. ಸರ್ಜನ್ ಗೊಣಗುತ್ತಲೇ ಬಂದರು. ಹೊಟ್ಟೆ ಮುಟ್ಟಿ ನೋಡಿದ ಮೇಲೆ ಗೊಣಗಲಿಲ್ಲ.

ಹೊಟ್ಟೆ ತೆರೆದಾಗ ಗೇಣುದ್ದದ ಕರುಳು ಕಪ್ಪಾಗಿತ್ತು. ಇನ್ನೂ ಒಡೆದಿರಲಿಲ್ಲ! ಸತ್ತ ಭಾಗವನ್ನು ಕತ್ತರಿಸಿ ತೆಗೆದು, ಜೀವವಿದ್ದ ತುದಿಯನ್ನು, ಮಲ ಅಲ್ಲಿಂದಲೇ ಹೋಗಲೆಂದು, ಹೊಟ್ಟೆಯ ಪಕ್ಕಕ್ಕೆ ತಂದು ಹೊಲಿದರು. ಒಡೆದು ವಿಷ ಹರಡಿದ ಮೇಲೆ ಬಂದವರಲ್ಲಿ, ಅದರಲ್ಲೂ ಈ ವಯಸ್ಸಿನ, ಇಂಥ ಹೃದಯದವರಲ್ಲಿ, ನಡೆದು ಮನೆಗೆ ಹೋದವರು ತಮಗೆ ನೆನಪಿಲ್ಲ ಎಂದು ಸರ್ಜನ್ ಆಮೇಲೆ ನನಗೆ ಹೇಳಿದರು. ಅದಕ್ಕೆ ಮೊದಲು ತಲುಪಿದವರಿಗೆ ಒಂದು ಅವಕಾಶವಿದೆ; ಅದು ಗಂಟೆಗಳ ಲೆಕ್ಕದ ಅವಕಾಶ.

ಹಾಗಾದರೆ ಆ ಗಂಟೆಗಳನ್ನು ಷೆಡ್ಡಿನಲ್ಲಿ ಕಳೆದವರೆಷ್ಟು ಮಂದಿ? ಯಾರಿಗೂ ತಿಳಿಯದು. ಸಾವಿನ ಪುಸ್ತಕದಲ್ಲೂ ಗೇಟಿನ ಚೀಟಿಯದೇ ನಕಲು.

ಗೌಸ್ ಸಾಹೇಬರು ಗೆದ್ದರು. ಜ್ವರವನ್ನು ಗೆದ್ದರು, ಪೆನಿಸಿಲಿನ್ ಸೂಜಿಗಳನ್ನು ಗೆದ್ದರು, ಪಕ್ಕೆಯಿಂದ ಮಲ ಹೋಗುವ ಬಾಳೂ ಒಂದು ಬಾಳೇ ಎಂದು ಪಿಸುಗುಟ್ಟಿದ ಗಲ್ಲಿಯನ್ನೂ ಗೆದ್ದರು. ಮೊನ್ನೆ ಹೋದಾಗ ಮಿಷಿನ್ ಮುಂದೆ ಕೂತಿದ್ದರು. ಪಕ್ಕೆಯ ಆ ಬಾಯಿಯ ಮೇಲೆ ಅರಿವೆ ಒತ್ತಿಟ್ಟು ಕಟ್ಟಿಕೊಳ್ಳಲು ಆಸ್ಪತ್ರೆ ಕೊಟ್ಟ ಪಟ್ಟಿಯನ್ನು ಎತ್ತಿ ತೋರಿಸಿದರು.

“ಇದಕ್ಕೆ ಕಟಿಂಗೇ ಇಲ್ಲ ಮೇಷ್ಟ್ರೇ. ಕೋಣಕ್ಕೆ ಹೊಲ್ದಂಗಿದೆ. ನಾನ್ ಹೊಲ್ದಿದ್ದು ನೋಡಿ, ಶೇರ್ವಾನಿ ಒಳಗೆ ಕಟ್ಕೊಂಡು ಮದುವೆಗೆ ಹೋಗಿ ಬಂದೆ. ಬೀಗರಿಗೂ ಗೊತ್ತಾಗಲಿಲ್ಲ.”

ಇಂಥ ಇನ್ನೆರಡು ಪಟ್ಟಿ ಹೊಲಿದು, ವಾರ್ಡಿನವರಿಗೆ ಕೊಡಿ ಎಂದು ನನ್ನ ಕೈಗಿತ್ತರು. ಕೊಡಲು ಹೋದಾಗಲೇ ಸಂಗತಿ ತಿಳಿದದ್ದು: ಅನುಮತಿಯಿಲ್ಲದೆ ಅಂಗಳ ದಾಟಿದ್ದೇಕೆಂದು ವಿವರಣೆ ಕೇಳಿ ಆರೋಕ್ಯಮ್ಮನವರಿಗೆ ನೋಟೀಸು ಬಂದಿದೆ. ವಿವರಣೆ ಒಪ್ಪಿಗೆಯಾಗದಿದ್ದರೆ ಕೆಲಸ ಹೋಗುತ್ತದೆ.

“ಏನು ಬರೀಲಿ ಮೇಷ್ಟ್ರೇ?” ಎಂದರು ಆಕೆ. “ಮನುಷ್ಯ ಬದುಕ್ಬಿಟ್ಟ, ತಪ್ಪಾಯ್ತು ಅಂತ ಬರೀಲಾ?”

ನಮ್ಮ ಸಮಿತಿಯ ಪಾಠವನ್ನು ನಾವು ತಿದ್ದಿಕೊಂಡಿದ್ದೇವೆ: ನೋವು ಮೊದಲೋ, ರಕ್ತ ಮೊದಲೋ, ಗೇಟಿನಲ್ಲಿ ಅದನ್ನೂ ಹೇಳಿ ಎನ್ನುತ್ತೇವೆ. ಈಗ ನಿಮ್ಮ ಸರದಿ, ಆಸ್ಪತ್ರೆಯ ಸೂಪರಿಂಟೆಂಡೆಂಟರೇ: ಆ ನೋಟೀಸನ್ನು ಈ ವಾರವೇ ಹಿಂತೆಗೆದುಕೊಳ್ಳಿ, ನೋವು ಮೊದಲು ಬಂದು ರಕ್ತ ಆಮೇಲೆ ಕಂಡ ಯಾವ ರೋಗಿಯನ್ನೂ ಸರ್ಜನ್ ನೋಡುವ ಮುನ್ನ ಷೆಡ್ಡಿಗೆ ಕಳಿಸಕೂಡದೆಂದು ನಿಮ್ಮ ಸಹಿಯೊಂದಿಗೆ ಗೇಟಿನಲ್ಲಿ ಆಜ್ಞೆ ಹಚ್ಚಿ.