ಕಣ್ಣು ತಪ್ಪಿದ ಸೇನಾಪತಿ

ಸ್ವೆಟರ್ ಕಾರ್ಖಾನೆಯಲ್ಲಿ ಅವಳ ಕೆಲಸ ತಪ್ಪು ಹಿಡಿಯುವುದು. ತಯಾರಾಗಿ ಬಂದ ಸ್ವೆಟರನ್ನು ಬೆಳಕಿಗೆ ಹಿಡಿದು, ಒಂದೇ ಒಂದು ಎಳೆ ಜಾರಿದ್ದರೂ ಬುಟ್ಟಿಗೆ ಎಸೆಯುವಳು. ಜೊತೆಯವರು ಬೆನ್ನ ಹಿಂದೆ ರಿಜೆಕ್ಟಮ್ಮ ಎಂದು ಕರೆಯುತ್ತಿದ್ದರು. ಕಿವಿಗೆ ಬಿದ್ದಾಗ ಅವಳಿಗೆ ಹೆಮ್ಮೆಯೇ ಆಯಿತು. ನಿವೃತ್ತಿಯಾದರೂ ಚಾಳಿ ಹೋಗಲಿಲ್ಲ. ಎದುರು ಮನೆಯ ಪರದೆ, ಗಂಡನ ಬೈತಲೆ, ಸೊಸೆ ಮಡಚಿಟ್ಟ ಬಟ್ಟೆ, ಯಾವುದೂ ಅವಳ ಕೈಯಲ್ಲಿ ಪಾಸಾಗುತ್ತಿರಲಿಲ್ಲ.

ಹೊತ್ತು ಹೋಗಲೆಂದು ಉಲ್ಲನ್ ಗೊಂಬೆ ಹೆಣೆಯುತ್ತಿದ್ದವಳ ತಲೆ ಕೆಡಿಸಿದವಳು ಸೊಸೆ.

“ಅತ್ತೆ, ನಮ್ಮ ಕಾರ್ಟೂನ್ ಅಭಿಮಾನಿಗಳ ಮೇಳದಲ್ಲಿ ಒಂದು ಮೇಜು ಹಾಕೋಣ. ಆ ಕಾರ್ಟೂನಿನ ನರಿ ಸೇನಾಪತಿ ಗೊಂಬೆ ಮಾಡಿದ್ರೆ ಮುಗಿಬಿದ್ದು ತಗೋತಾರೆ.”

“ಮಕ್ಕಳ ಮೇಳವಾ?”

“ಮಕ್ಕಳದ್ದಲ್ಲ, ದೊಡ್ಡವರದ್ದೇ.”

ರಿಜೆಕ್ಟಮ್ಮ ಮೂಗು ಮುರಿದಳು. ಆದರೂ ಸೊಸೆಯ ಫೋನಿನಲ್ಲಿದ್ದ ಚಿತ್ರ ನೋಡಿಕೊಂಡು ಹೆಣೆದಳು: ಕೆಂಪು ಕೋಟು, ನೆಟ್ಟಗಿನ ಕಿವಿ, ಕುರುಡುಗಣ್ಣಿನ ಮೇಲೆ ಕಪ್ಪು ಪಟ್ಟಿ.

ಮೇಳದ ಸಭಾಂಗಣದೊಳಗೆ ಕಾಲಿಟ್ಟಾಗ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಡ್ಡ ನರೆತವರು ತಲೆಗೆ ಕೊಂಬು ಕಟ್ಟಿಕೊಂಡಿದ್ದರು. ಬ್ಯಾಂಕಿನಲ್ಲಿ ಕೂರಬೇಕಾದಂಥ ಒಬ್ಬ ದಪ್ಪ ಮನುಷ್ಯ ತನ್ನ ಬಾಲವನ್ನು ಬಾಗಿಲಿಗೆ ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದ. ಹೆತ್ತವರು ಇವರನ್ನು ಓದಿಸಿದ್ದು ಇದಕ್ಕಾ ಎಂದು ಅವಳು ಒಳಗೇ ಉಗಿದಳು.

ಆ ಬಾಲದವನೇ ಮೇಜಿನ ಮುಂದೆ ಬಂದು, ಒಂದು ಗೊಂಬೆ ಎತ್ತಿ, ಬಾಯಿ ತೆರೆದು ನಿಂತ. “ಆಂಟಿ, ಪಟ್ಟಿ ಎಡಗಣ್ಣಿಗೆ ಅಲ್ವಾ ಇರಬೇಕಾದ್ದು? ನೀವು ಬಲಗಣ್ಣಿಗೆ ಹಾಕಿದ್ದೀರಿ!”

ಅವಳು ಗೊಂಬೆಯನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದಳು. ಜೀವಮಾನವಿಡೀ ಬೇರೆಯವರ ತಪ್ಪು ಹಿಡಿದವಳು! ಅವನು ಮಾತ್ರ ಕುಣಿದಾಡಿದ. “ಇದು ಕನ್ನಡಿ ಲೋಕದ ಸೇನಾಪತಿ! ಬನ್ರೋ ಇಲ್ಲಿ!” ಕೊಂಬಿನವರೆಲ್ಲ ಸುತ್ತುವರಿದು, ಕನ್ನಡಿ ಲೋಕದಲ್ಲಿ ಸೇನಾಪತಿ ಒಳ್ಳೆಯವನೋ ಕೆಟ್ಟವನೋ ಎಂದು ವಾದಕ್ಕಿಳಿದರು. ಮಧ್ಯಾಹ್ನದ ಹೊತ್ತಿಗೆ ಮೇಜು ಖಾಲಿ.

ಆಮೇಲೆ ವಿಷಯ ಹೊರಬಿತ್ತು. ಫೋನಿನಲ್ಲಿದ್ದದ್ದು, ಸೊಸೆ ಸೇನಾಪತಿಯ ಚಿತ್ರವಿದ್ದ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತು ತೆಗೆದುಕೊಂಡ ಫೋಟೊ. ಎಡ ಬಲವಾಗಿತ್ತು.

“ಹೋಗ್ಲಿ ಬಿಡಿ ಅತ್ತೆ, ಎಲ್ಲಾ ಮಾರಾಟ ಆಯ್ತಲ್ಲ.”

“ಕಣ್ಣು ಕಾಣದವರು ಕೊಂಡ್ರು ಅಂತ ನನ್ನ ತಪ್ಪು ಸರಿಯಾಗುತ್ತೇನೇ?”

ಮರುವರ್ಷದ ಗೊಂಬೆಗಳಲ್ಲಿ ಅವಳು ಕೂದಲೆಳೆಯಷ್ಟೂ ತಪ್ಪಲಿಲ್ಲ. ಪಟ್ಟಿ ಎಡಗಣ್ಣಿಗೇ. ಆದರೆ ಬಂದವರೆಲ್ಲ ಗೊಂಬೆಯನ್ನು ತಿರುಗಿಸಿ ನೋಡಿ ಮುಖ ಸಪ್ಪಗೆ ಮಾಡಿಕೊಂಡರು.

“ಕನ್ನಡಿಯವನು ಇಲ್ವಾ ಆಂಟಿ?”

“ಅದು ತಪ್ಪಾಗಿತ್ತಪ್ಪ. ಇದು ಸರಿಯಾದದ್ದು.”

“ಸರಿಯಾದದ್ದು ಎಲ್ಲಾ ಕಡೆ ಸಿಗುತ್ತಲ್ಲ,” ಎಂದು ಅವರು ಎದುರಿನ ಮೇಜಿಗೆ ದಾಟಿದರು.

ಅಲ್ಲಿ ಕೀಚೈನು ಮಾರುವವನೊಬ್ಬ, ಕಾರ್ಖಾನೆಯಿಂದ ಮೂಟೆಗಟ್ಟಲೆ ತರಿಸಿದ ಗೊಂಬೆಗಳ ಮೇಲೆ ‘ಕೈಯಿಂದಲೇ ಮಾಡಿದ್ದು’ ಎಂದು ಚೀಟಿ ಅಂಟಿಸಿಕೊಂಡು ಕೂತಿದ್ದ. ಎಲ್ಲದರ ಪಟ್ಟಿಯೂ ಬಲಗಣ್ಣಿಗೆ. ಅವಳ ಮೈಯೆಲ್ಲ ಉರಿದುಹೋಯಿತು. ನೇರ ಎದ್ದು ಹೋದಳು.

“ಇದು ನಂದು ಕಣಯ್ಯಾ!”

ಅವನು ಹಲ್ಲು ಕಿರಿದ. “ಯಾವುದು ನಿಮ್ಮದು ಆಂಟಿ? ಸೇನಾಪತಿ ಕಾರ್ಟೂನಿನವರದ್ದು. ನಿಮ್ಮದು ಅಂತ ಇದ್ದದ್ದು ತಪ್ಪೊಂದೇ. ಅದನ್ನೂ ನೀವೇ ಬೇಡ ಅಂದ್ರಲ್ಲ!”

ಅವನು ಕಳ್ಳ, ಅದರಲ್ಲಿ ಅನುಮಾನವಿಲ್ಲ. ಆದರೆ ಹೇಳಿದ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ವಾಪಸು ಬಂದು ಸೊಸೆಯ ಮುಂದೆ ಕೈ ಚಾಚಿದಳು. “ಕತ್ತರಿ ಕೊಡು.”

“ಏನ್ ಮಾಡ್ತೀರಿ ಅತ್ತೆ?”

“ನನ್ನ ಮಾನ ಕಳ್ಕೋತೀನಿ. ಸೂಜಿಗೆ ದಾರ ಹಾಕು.”

ಎಡಗಣ್ಣಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ಬಲಗಣ್ಣಿಗೆ ಹೊಲಿಯತೊಡಗಿದಳು. ಪ್ರತಿ ಹೊಲಿಗೆಗೂ ಒಂದು ಶಾಪ. ಜನ ಗುಂಪುಗೂಡಿತು. ಕೀಚೈನಿನವನ ಮೇಜಿನ ಮುಂದಿದ್ದವರೂ ಇತ್ತ ಬಂದರು. ಬಾಲದವನು ಭಕ್ತಿಯಿಂದ ಫೋನು ಹಿಡಿದು, “ಆಂಟಿ, ಈ ಕನ್ನಡಿ ಲೋಕ ನಿಮಗೆ ಹೇಗೆ ಹೊಳೀತು?” ಎಂದ.

“ನನ್ನ ಸೊಸೆಗೆ ನೆಟ್ಟಗೆ ಫೋಟೊ ತೆಗೆಯೋಕೆ ಬರಲ್ಲ, ಅದಕ್ಕೆ,” ಎಂದಳು. ಎಲ್ಲರೂ ಅದನ್ನು ದೊಡ್ಡ ಹಾಸ್ಯವೆಂದುಕೊಂಡು ಚಪ್ಪಾಳೆ ತಟ್ಟಿದರು. ನಿಜ ಹೇಳಿದರೂ ನಂಬದ ಈ ದಡ್ಡರ ಮೇಲೆ ಅವಳಿಗೆ ಹೇಸಿಗೆ ಬಂತು. ಅವರಿಗಾಗಿ ಹೊಲಿಯುತ್ತಿದ್ದ ತನ್ನ ಕೈಯ ಮೇಲೆ ಇನ್ನೂ ಹೆಚ್ಚು. ಸಂಜೆಯ ಹೊತ್ತಿಗೆ ಒಂದು ಗೊಂಬೆಯೂ ಉಳಿಯಲಿಲ್ಲ.

ಬಸ್ಸಿನಲ್ಲಿ ಸೊಸೆ ಮೆಲ್ಲಗೆ ಕೇಳಿದಳು. “ಮುಂದಿನ ವರ್ಷ ಬೇಡ ಅಲ್ವಾ ಅತ್ತೆ?”

“ಮೇಜು ಆಗಲೇ ಹಿಡಿದಾಯ್ತು. ಬಾಗಿಲ ಪಕ್ಕದ್ದು. ಆ ಕಳ್ಳನಿಗಿಂತ ಮುಂಚೆ ನಾನು ಕಾಣಬೇಕು.”

ಸೊಸೆ ನಗು ತಡೆಯಲಾರದೆ ಕಿಟಕಿಯತ್ತ ತಿರುಗಿದಳು.

“ಕಿಸಿಯೋದು ಸಾಕು,” ಎಂದಳು ರಿಜೆಕ್ಟಮ್ಮ. “ಕಾರ್ಟೂನಿನಲ್ಲಿ ಆ ಸೇನಾಪತಿ ಹತ್ತೋ ಕುದುರೆಗೆ ಕಾಲೆಷ್ಟು, ಅದನ್ನ ಹೇಳು. ಒಂದು ಕಡಿಮೆ ಮಾಡಿದ್ರೆ ಈ ಪೆದ್ದರು ಏನಂತಾರೋ ನೋಡೋಣ.”