ಪಂಪು ಆರಿಸುವ ಏಳುಮಲೈ
ಬಂಗಾರಪೇಟೆಯ ಅಕ್ಕಿ ಮಿಲ್ಲುಗಳಲ್ಲಿ ಭತ್ತ ನೆನೆಸಿದ ನೀರು ಸೇರುವ ಗುಂಡಿಯನ್ನು ಬರಿದುಮಾಡುವ ಪಂಪು ನಿಲ್ಲದೆ ಓಡತೊಡಗಿದರೆ ಊರಿಗಾಂನಿಂದ ಏಳುಮಲೈಯನ್ನೇ ಕರೆಸಬೇಕು. ಅಲ್ಲಿನ ಚಿನ್ನದ ಗಣಿಯ ತಳದಲ್ಲಿ, ಪಂಪು ನಿಂತರೆ ಕೆಳಗಿದ್ದವರು ಮುಳುಗುವಂಥ ಕಡೆ, ಪಂಪು ನೋಡಿಕೊಂಡು ರಿಟೈರಾದ ಮನುಷ್ಯ. ಬಂದವನು ಮೊದಲು ಟೀ ಕೇಳುತ್ತಾನೆ, ಆಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೂ ಹಿಡಿಯನ್ನು ಕಿವಿಗೂ ಒತ್ತಿ ಡಾಕ್ಟರ ಗತ್ತಿನಲ್ಲಿ ಕಣ್ಣು ಮುಚ್ಚುತ್ತಾನೆ. ಕರೆಂಟು ದಂಡವಾಗುತ್ತಿದೆ ಎಂದು ಮಾಲೀಕರು ಗೊಣಗಿದರೆ, “ಓಡೋ ಪಂಪಿಂದ ಯಾರೂ ಸತ್ತಿಲ್ಲ ಸಾಮಿ, ನಿಂತ ಪಂಪಿಂದ ಸತ್ತವ್ರೆ” ಎನ್ನುತ್ತಾನೆ. ಪಂಪನ್ನು ತಾನಾಗಿ ನಿಲ್ಲಿಸುವ ತೇಲುಬುರುಡೆ ಭತ್ತದ ಹೊಟ್ಟಿನಲ್ಲಿ ಸಿಕ್ಕಿಕೊಂಡಿದೆ ಎಂಬುದು ಅವನಿಗೂ ಗೊತ್ತು, ಮಿಲ್ಲಿನ ಬೆಕ್ಕಿಗೂ ಗೊತ್ತು. ಆದರೆ ಅದನ್ನು ಬಿಡಿಸಲು ಸ್ವಿಚ್ಚು ಆರಿಸಬೇಕಲ್ಲ, ಅಲ್ಲಿ ಅವನಿಗೆ ಅವಸರವಿಲ್ಲ. ಆಳುದ್ದವೂ ಇಲ್ಲದ ಆ ಗುಂಡಿಗೆ ಬಗ್ಗಿ, “ಕೆಳಗೆ ಯಾರಾದ್ರೂ ಇದೀರೇನ್ರಪ್ಪಾ” ಎಂದು ಕನ್ನಡದಲ್ಲಿ ಕೂಗುತ್ತಾನೆ, ಮತ್ತೆ ತಮಿಳಲ್ಲಿ, ಮತ್ತೆ ತೆಲುಗಲ್ಲಿ. ಮೂರಕ್ಕೂ ಉತ್ತರ ಬರದಿದ್ದ ಮೇಲೆಯೇ ಕೈ ಸ್ವಿಚ್ಚಿಗೆ ಹೋಗುವುದು. ಒಮ್ಮೆ ಹಮಾಲಿ ಸೊಣ್ಣಪ್ಪ ಮೂಟೆಗಳ ಹಿಂದೆ ಅಡಗಿ, “ಇದೀವಿ ಕಣಣ್ಣೋ” ಎಂದು ಕಪ್ಪೆ ದನಿಯಲ್ಲಿ ವಟಗುಟ್ಟಿದ. ಎಲ್ಲರೂ ನಕ್ಕರು. ಏಳುಮಲೈ ಸ್ವಿಚ್ಚಿನಿಂದ ಕೈ ತೆಗೆದು ಗುಂಡಿಯ ಅಂಚಿನಲ್ಲಿ ಕೂತ. ಸೊಣ್ಣಪ್ಪ ಎದುರಿಗೆ ಬಂದು ತಪ್ಪಾಯಿತೆಂದರೂ ಏಳಲಿಲ್ಲ. “ಕೆಳಗಿರೋರು ಮೇಲಕ್ಕೆ ಬರ್ಲಿ,” ಅಂದ, “ಆಮೇಲೆ ಆರಿಸ್ತೀನಿ.”